ಔಟ್ ಮೀಮಾಂಸೆ ಅಥವಾ ಲಂಬಕೋನಾಭಾವ ಪ್ರಕರಣ

ವೈಶೇಷಿಕರು ಜಗತ್ತನ್ನು ಏಳು ಪದಾರ್ಥಗಳಾಗಿ ವಿಂಗಡಿಸಿದರು. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರು ಇದ್ದದ್ದರ ಲೆಕ್ಕಕ್ಕೆ. ಏಳನೆಯದಾದ ಅಭಾವ ಇಲ್ಲದ್ದರ ಲೆಕ್ಕಕ್ಕೆ. ಸೂತ್ರಕಾರ ಕಣಾದರು ಎಣಿಸಿದ್ದು ಆರೇ, ಏಳನೆಯದು ಆಮೇಲೆ ಬಂದವರ ಸೇರ್ಪಡೆ. ಸೇರಿಸಿದವರ ಮನೆಯಲ್ಲಿ ಆಗ ಬಡಗಿ ಕೆಲಸ ನಡೆಯುತ್ತಿದ್ದಿರಬೇಕು ಎಂಬುದು ನನ್ನ ಊಹೆ. ಮರಗೆಲಸದಲ್ಲಿ ಇರುವ ವಸ್ತುಗಳು ಕೊಡುವ ಕಾಟವನ್ನು ಹೇಗೋ ತಡೆದುಕೊಳ್ಳಬಹುದು. ಇಲ್ಲದ ವಸ್ತು ಕೊಡುವ ಕಾಟಕ್ಕೆ ಒಂದು ಶಾಸ್ತ್ರವೇ ಬೇಕು. ಅದರಲ್ಲೂ ಇಲ್ಲದ ಲಂಬಕೋನಕ್ಕೆ.

ಶಾಸ್ತ್ರಗ್ರಂಥ ಎಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಸ್ಲೈಡಿಂಗ್ ಟೇಬಲ್ ಇರುವ ಪ್ಯಾನೆಲ್ ಸಾ ಯಂತ್ರದಲ್ಲಿ 90 ಡಿಗ್ರಿಯ ಅಭಾವ. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹತೆಯುಳ್ಳವನು: ಮಾಗಡಿ ರಸ್ತೆ, ಪೀಣ್ಯ, ಮೈಸೂರು ರಸ್ತೆಗಳ ತಗಡಿನ ಶೆಡ್ಡುಗಳಲ್ಲಿ ಮಾಡ್ಯುಲರ್ ಕಿಚನ್ನಿಗೆ ಪ್ಲೈ ಕೊಯ್ಯುವವನು, ಅಥವಾ ಕೊಯ್ಯಿಸಿ ಬಯ್ಯಿಸಿಕೊಳ್ಳುವವನು. ಪ್ರಯೋಜನ: ಎರಡು ಕಪಾಟಿನ ಬಾಗಿಲುಗಳ ನಡುವಿನ 3 ಮಿ.ಮೀ. ಸಂದು ಮೇಲ್ಗಡೆಯೂ 3, ಕೆಳಗಡೆಯೂ 3 ಆಗಿರುವುದು. ಸಂಬಂಧ: ಆ ಸಂದಿಗೂ ಗಿರಾಕಿ ಕೊಡಬೇಕಾದ ಕೊನೆಯ ಕಂತಿಗೂ ಇರುವ ಸಂಬಂಧ. ಇದು ನಿತ್ಯಸಂಬಂಧ.

ಇನ್ನು ಯಂತ್ರದ ಸ್ವರೂಪ. ಗುಂಡು ಗರಗಸದ ಮೇಜಿನ ಮೇಲೆ ಹಲಗೆಯನ್ನು ಕೈಯಲ್ಲಿ ತಳ್ಳಿ ಕೊಯ್ಯುವುದು ಹಳೆಯ ಪದ್ಧತಿ. 1906ರಲ್ಲಿ ಬರ್ಲಿನ್ನಿನ ವಿಲ್‌ಹೆಲ್ಮ್ ಆಲ್ಟೆನ್‌ಡಾರ್ಫ್ ಎಂಬ ಬಡಗಿ ಹಲಗೆಯ ಬದಲು ಮೇಜಿನ ಅರ್ಧವನ್ನೇ ಜಾರುವಂತೆ ಮಾಡಿದ. ಆತನ ಹೆಸರಿನ ಕಂಪನಿ ಆಮೇಲೆ ಮಿಂಡೆನ್ ಊರಿಗೆ ಹೋಯಿತು. ಇವತ್ತು ಯಾವ ದೇಶದಲ್ಲಿ ಯಾರು ಪ್ಯಾನೆಲ್ ಸಾ ತಯಾರಿಸಿದರೂ ಮೂಲ ಮೈಕಟ್ಟು ಆತನದೇ. ನಡುವೆ ಬ್ಲೇಡು, ಸಾಮಾನ್ಯವಾಗಿ 300 ಮಿ.ಮೀ. ವ್ಯಾಸದ್ದು, ಅದು ಬಿಡುವ ಸೀಳು 3.2 ಮಿ.ಮೀ. ಅದರ ಮುಂದೆ ತಿರುಗಾಮುರುಗಾ ಸುತ್ತುವ ಪುಟ್ಟ ಸ್ಕೋರಿಂಗ್ ಬ್ಲೇಡು. ಬಲಕ್ಕೆ ಅಲುಗಾಡದ ಬೀಡುಕಬ್ಬಿಣದ ಮೇಜು ಮತ್ತು ರಿಪ್ ಫೆನ್ಸ್. ಎಡಕ್ಕೆ ರೋಲರುಗಳ ಮೇಲೆ ಓಡುವ ಅಲ್ಯೂಮಿನಿಯಂ ಜಾರುಮೇಜು, ಎಂಟಡಿ ಶೀಟು ಪೂರ್ತಿ ಹೋಗಬೇಕಾದ್ದರಿಂದ ಸುಮಾರು 3200 ಮಿ.ಮೀ. ಉದ್ದ. ಜಾರುಮೇಜಿಗೆ ತಗುಲಿಕೊಂಡಂತೆ ಎಡಗಡೆ ಚಾಚಿದ ಒಂದು ಚೌಕಟ್ಟು, ಅದರ ಮೇಲೆ ಶೀಟನ್ನು ಆನಿಸಿ ಹಿಡಿಯುವ ಅಡ್ಡ ಫೆನ್ಸ್. ಲಂಬಕೋನ ಎಂಬುದು ವಾಸ ಮಾಡಬೇಕಾದ್ದು, ಮಾಡದೆ ಇರುವುದು, ಈ ಅಡ್ಡ ಫೆನ್ಸಿನ ಆಸುಪಾಸಿನಲ್ಲಿ.

ಅಭಾವದ ಬಗ್ಗೆ ತಾರ್ಕಿಕರು ಮೊದಲು ಹಾಕುವ ಷರತ್ತು ಒಂದಿದೆ. ಸುಮ್ಮನೆ ‘ಇಲ್ಲ’ ಎನ್ನುವಂತಿಲ್ಲ. ಏನು ಇಲ್ಲ, ಎಲ್ಲಿ ಇಲ್ಲ ಎರಡನ್ನೂ ಹೇಳಬೇಕು. ನೆಲದ ಮೇಲೆ ಗಡಿಗೆ ಇಲ್ಲ ಎಂದರೆ ಗಡಿಗೆ ಪ್ರತಿಯೋಗಿ, ನೆಲ ಅನುಯೋಗಿ. ಇವೆರಡನ್ನು ಹೇಳದ ಅಭಾವ ಶಾಸ್ತ್ರದಲ್ಲಿ ಮಾತೇ ಅಲ್ಲ, ಶಬ್ದ ಅಷ್ಟೆ. ಈ ಷರತ್ತನ್ನು ನಮ್ಮ ವರ್ಕ್‌ಶಾಪುಗಳಲ್ಲಿ ಗೋಡೆಗೆ ಬರೆಸಿ ಹಾಕಬೇಕು. ಅಲ್ಲಿ ನಡೆಯುವ ಶಾಸ್ತ್ರಾರ್ಥ ಹೀಗಿರುತ್ತದೆ:

“ಆಚಾರ್ರೇ, ಏನಾಗಿದೆ ಮಿಷನ್‌ಗೆ?”

“ಔಟ್ ಆಗಿದೆ ಸಾರ್.”

“ಏನು ಔಟು?”

“ಎಲ್ಲಾ ಔಟು.”

“ಅಲ್ರೀ, ಯಾವುದಕ್ಕೆ ಯಾವುದು ಔಟು?”

“ಅದನ್ನೇನ್ ಕೇಳ್ತೀರ ಸಾರ್, ಬಾಗ್ಲು ನೋಡಿದ್ರೆ ಗೊತ್ತಾಗಲ್ವಾ?”

ಬಾಗಿಲು ನೋಡಿದರೆ ಬಾಗಿಲು ಔಟ್ ಆಗಿರುವುದು ಗೊತ್ತಾಗುತ್ತದೆ. ಯಂತ್ರದಲ್ಲಿ ಒಂಟಿಯಾಗಿ ಔಟ್ ಆಗಬಲ್ಲ ಭಾಗ ಒಂದೂ ಇಲ್ಲ. ಬ್ಲೇಡು ಜಾರುಮೇಜಿನ ಓಟಕ್ಕೆ ಔಟ್ ಆಗಬಹುದು, ಫೆನ್ಸು ಓಟಕ್ಕೆ ಔಟ್ ಆಗಬಹುದು, ಜಾರುಮೇಜು ಬೀಡುಮೇಜಿನ ಮಟ್ಟಕ್ಕೆ, ಸ್ಕೋರಿಂಗು ದೊಡ್ಡ ಬ್ಲೇಡಿನ ಸಾಲಿಗೆ, ಸ್ಕೇಲಿನ ಸೊನ್ನೆ ಫೆನ್ಸಿನ ಸೊನ್ನೆಗೆ. ಎಲ್ಲವೂ ಜೋಡಿ ವ್ಯವಹಾರ. ಪ್ರತಿಯೋಗಿಯನ್ನೂ ಅನುಯೋಗಿಯನ್ನೂ ಹೆಸರಿಸದೆ ಸ್ಪ್ಯಾನರ್ ಎತ್ತಿಕೊಂಡವನು ಸರಿಯಾಗಿದ್ದ ಜೋಡಿಯನ್ನು ಮೊದಲು ಕೆಡಿಸುತ್ತಾನೆ. ತೊಂದರೆ ಕಾಣುವುದು ಸರಪಳಿಯ ಕಡೆಯ ಕೊಂಡಿಯಲ್ಲಿ, ಎಂದರೆ ಅಡ್ಡ ಫೆನ್ಸಿನಲ್ಲಿ. ಕೈ ಹೋಗುವುದೂ ಅಲ್ಲಿಗೇ. ಹುಟ್ಟಿದ್ದು ಎಷ್ಟೋ ಸಲ ನಾಲ್ಕು ಕೊಂಡಿ ಹಿಂದೆ, ನೆಲದ ಸಿಮೆಂಟಿನಲ್ಲಿ.

ಅಭಾವ ನಾಲ್ಕು ವಿಧ: ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ. ತರ್ಕಸಂಗ್ರಹ ಓದುವ ಹುಡುಗರು ಇದನ್ನು ಗಡಿಗೆ, ಬಟ್ಟೆಗಳ ಉದಾಹರಣೆಯಿಂದ ಕಲಿಯುತ್ತಾರೆ. ಪ್ಯಾನೆಲ್ ಸಾ ಇನ್ನೂ ಉತ್ತಮ ಉದಾಹರಣೆ, ತರ್ಕಸಂಗ್ರಹ ಬರೆದ ಅನ್ನಂಭಟ್ಟರ ಕಾಲಕ್ಕೆ ಅದು ಒದಗಲಿಲ್ಲ ಅಷ್ಟೆ.

ಪ್ರಾಗಭಾವ ಎಂದರೆ ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಅದಕ್ಕೆ ಆದಿಯಿಲ್ಲ, ಅಂತ್ಯ ಇದೆ. ಹೊಸದಾಗಿ ಬಂದಿಳಿದ ಯಂತ್ರದ್ದು ಈ ಜಾತಿ. ಕಾರ್ಖಾನೆಯಲ್ಲಿ ಸೆಟ್ ಮಾಡಿ ಕಳಿಸಿದ್ದೇವೆ ಎಂಬ ಕಾಗದ ಒಳಗಿರುತ್ತದೆ; ಬಂದರಿನಿಂದ ಲಾರಿಯಲ್ಲಿ ಕುಲುಕುತ್ತ, ಕ್ರೇನಿನ ಪಟ್ಟಿಯಲ್ಲಿ ನೇತಾಡುತ್ತ ಬಂದ ಯಂತ್ರಕ್ಕೆ ಆ ಕಾಗದ ಓದಿಸಿದವರಿಲ್ಲ. ಇಲ್ಲಿ ಚಿಕಿತ್ಸೆ ನೆಲದಿಂದ ಶುರುವಾಗಬೇಕು. ನೆಲ ಏರುತಗ್ಗಾಗಿದ್ದರೆ ಅಷ್ಟುದ್ದದ ಯಂತ್ರದ ಅಡಿಪಟ್ಟಿ ತಿರುಚಿಕೊಂಡು ಕೂರುತ್ತದೆ. ರಸಮಟ್ಟ ಇಟ್ಟು ಕಾಲಿನ ಬೋಲ್ಟುಗಳಲ್ಲಿ ಮಟ್ಟ ಮಾಡಿ, ಕೆಲವು ದಿನ ಕೆಲಸ ಆದ ಮೇಲೆ ಇನ್ನೊಮ್ಮೆ ನೋಡಬೇಕು. ಅದಕ್ಕೆ ಮುಂಚೆ ಮೇಲಿನ ಯಾವ ಸ್ಕ್ರೂ ಮುಟ್ಟಿದರೂ ತಿರುಚನ್ನೇ ತಿದ್ದಿದಂತಾಗುತ್ತದೆ, ಆಮೇಲೆ ನೆಲ ಸರಿಮಾಡಿದ ದಿನ ಎಲ್ಲವೂ ಮತ್ತೆ ತಪ್ಪುತ್ತದೆ. ಪ್ರಾಗಭಾವದ ಬಗ್ಗೆ ಇಷ್ಟು ಸಾಕು, ವಾರಂಟಿ ಇರುವವರ ಚಿಂತೆ ಅದು.

ಪ್ರಧ್ವಂಸಾಭಾವ ಇದ್ದದ್ದು ಹೋದದ್ದು. ಇದಕ್ಕೆ ಆದಿ ಇದೆ, ಅಂತ್ಯವಿಲ್ಲ. ಒಡೆದ ಗಡಿಗೆಯ ಅಭಾವ ಮುಗಿಯುವುದೇ ಇಲ್ಲ, ಯಾಕೆಂದರೆ ಅದೇ ಗಡಿಗೆ ಮತ್ತೆ ಬರುವುದಿಲ್ಲ. ಹತ್ತೊಂಬತ್ತು ಎಂ.ಎಂ. ಪ್ಲೈ ಶೀಟನ್ನು ಇಬ್ಬರು ಎತ್ತಿ ತರುತ್ತ ಫೆನ್ಸಿನ ತುದಿಗೆ ಗುದ್ದಿದ ಕ್ಷಣವೇ ಆದಿ. ಆದಿಯ ಇತರ ಬಗೆಗಳನ್ನೂ ಹೇಳುವುದಾದರೆ: ಚಾಚಿದ ಚೌಕಟ್ಟಿನ ಮೇಲೆ ಕೂತು ಟೀ ಕುಡಿಯುವುದು. ಶೀಟುಗಳ ದಾಸ್ತಾನನ್ನು ಜಾರುಮೇಜಿನ ಮೇಲೆ ರಾತ್ರಿಯಿಡೀ ಪೇರಿಸಿಡುವುದು. ಯಂತ್ರವನ್ನು ‘ಸ್ವಲ್ಪ ಆಕಡೆ’ ಸರಿಸಲು ಜಾರುಮೇಜನ್ನೇ ಹಿಡಿದು ಎಳೆಯುವುದು. ರೋಲರ್ ಓಡುವ ಹಳಿಗೆ ಪ್ರೀತಿಯಿಂದ ಎಣ್ಣೆ ಸುರಿಯುವುದು. ಎಂಡಿಎಫ್ ಧೂಳು ಅದರಲ್ಲಿ ಕಲಸಿ ಹಿಟ್ಟಾಗಿ ಗಟ್ಟಿಯಾದ ಮೇಲೆ ಜಾರುಮೇಜು ಅಲ್ಲಿ ಬಂದಾಗೆಲ್ಲ ಎದ್ದು ಕೂರುತ್ತದೆ. ಆಯುಧಪೂಜೆಯ ಮಾರನೆಯ ದಿನದ ಪ್ರಧ್ವಂಸ ಒಂದು ಪ್ರತ್ಯೇಕ ಉಪಜಾತಿ. ಹಳಿಗೆ ಬಳಿದ ಅರಿಶಿನ ಕುಂಕುಮ, ನಿಂಬೆಹಣ್ಣಿನ ರಸ, ಕುಂಬಳಕಾಯಿಯ ತಿರುಳು ಸೇರಿ ಮಾಡುವ ಪದಾರ್ಥವನ್ನು ಯಾವ ವೈಶೇಷಿಕನೂ ವರ್ಗೀಕರಿಸಿಲ್ಲ. ಪೂಜೆ ಬೇಡ ಎನ್ನುವಷ್ಟು ನಾಸ್ತಿಕ ನಾನಲ್ಲ. ಮೋಟರಿನ ಪೆಟ್ಟಿಗೆಗೆ ಹಚ್ಚಿದರೆ ದೇವಿ ಬೇಸರ ಮಾಡಿಕೊಳ್ಳುವುದಿಲ್ಲ ಎಂದಷ್ಟೇ ನನ್ನ ವಾದ.

ಅತ್ಯಂತಾಭಾವ ಮೂರು ಕಾಲದಲ್ಲೂ ಇಲ್ಲದ್ದು. ಗಾಳಿಗೆ ಬಣ್ಣ ಇಲ್ಲದ ಹಾಗೆ. ಜಾರುಮೇಜಿನ ಹಳಿಯೇ ಬಾಗಿದ್ದರೆ, ಅಡಿಪಟ್ಟಿ ಬೆಸುಗೆಯಲ್ಲೇ ಸೊಟ್ಟಗಾಗಿದ್ದರೆ, ಅಲ್ಲಿ ಲಂಬಕೋನ ಇರಲಿಲ್ಲ, ಇಲ್ಲ, ಇರುವುದೂ ಇಲ್ಲ. ಇದನ್ನು ಪತ್ತೆ ಹಚ್ಚುವ ಬಗೆ ಸುಲಭ. ಎರಡು ಉದ್ದನೆಯ ಪಟ್ಟಿಗಳ ಒಂದೊಂದು ಅಂಚನ್ನು ಎಂಟಡಿಯೂ ಕೊಯ್ದು, ಆ ಎರಡು ಅಂಚುಗಳನ್ನು ಎದುರುಬದುರು ಮಾಡಿ ತಾಗಿಸಿ ಬೆಳಕಿಗೆ ಹಿಡಿಯಿರಿ. ನಡುವೆ ತಾಗಿ ತುದಿಗಳಲ್ಲಿ ಬೆಳಕು ಬಂದರೆ ಓಟ ಉಬ್ಬಾಗಿದೆ, ತುದಿಗಳಲ್ಲಿ ತಾಗಿ ನಡುವೆ ಬೆಳಕು ಬಂದರೆ ತಗ್ಗಾಗಿದೆ. ಕಂಡ ಸಂದಿಯ ಅರ್ಧ ನಿಜವಾದ ದೋಷ. ಓಟವೇ ಬಿಲ್ಲಿನಂತಾದ ಯಂತ್ರದಲ್ಲಿ ಫೆನ್ಸನ್ನು ಎಷ್ಟು ತಿದ್ದಿದರೂ ಶೀಟಿನ ಈ ತುದಿಗೊಂದು ಕೋನ, ಆ ತುದಿಗೊಂದು ಕೋನ ಬರುತ್ತದೆ. ಕೆಲವು ಯಂತ್ರಗಳಲ್ಲಿ ಹಳಿಯ ಉದ್ದಕ್ಕೂ ತಿದ್ದುವ ಸ್ಕ್ರೂಗಳಿರುತ್ತವೆ. ಇಲ್ಲದ ಯಂತ್ರದಲ್ಲಿ ವಾದ ಬೇರೆ ಹಾದಿ ಹಿಡಿಯುತ್ತದೆ. ಸರ್ವಿಸ್ ಎಂಜಿನಿಯರ್ ಇದು ಪ್ರಧ್ವಂಸ, ನೀವೇ ಕೆಡಿಸಿಕೊಂಡಿರಿ ಎನ್ನುತ್ತಾನೆ. ಮಾಲೀಕ ಇದು ಅತ್ಯಂತ, ಬಂದಾಗಲೇ ಹೀಗಿತ್ತು ಎನ್ನುತ್ತಾನೆ. ಅಭಾವದ ಜಾತಿನಿರ್ಣಯಕ್ಕೆ ದುಡ್ಡಿನ ಬೆಲೆ ಇದೆ ಎಂಬುದು ಇಲ್ಲಿ ಮಾತ್ರ ಸ್ಪಷ್ಟವಾಗುತ್ತದೆ.

ನಾಲ್ಕನೆಯ ಅನ್ಯೋನ್ಯಾಭಾವದಲ್ಲಿ ನಿಜವಾದ ಕೆಲಸವಿದೆ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎಂಬುದು ಪಾಠದ ಉದಾಹರಣೆ. ಕೇಳಲು ಪೆದ್ದುತನ ಅನ್ನಿಸುತ್ತದೆ. ಆದರೆ ಬ್ಲೇಡು ಓಟವಲ್ಲ, ಓಟ ಬ್ಲೇಡಲ್ಲ ಎಂದು ಹೇಳಿ ನೋಡಿ. ಶೆಡ್ಡಿನಲ್ಲಿ ಅರ್ಧ ಜನ ಒಪ್ಪುವುದಿಲ್ಲ.

ಪೂರ್ವಪಕ್ಷ: ಕೊಯ್ಯುವುದು ಬ್ಲೇಡು. ಆದ್ದರಿಂದ ಬ್ಲೇಡಿಗೆ ಮೂಲೆಮಟ್ಟ ಹಿಡಿದು, ಅದರ ಇನ್ನೊಂದು ತೋಳಿಗೆ ಫೆನ್ಸನ್ನು ಕೂರಿಸಿದರೆ 90 ಡಿಗ್ರಿ ಸಿದ್ಧ. ರಾಜಸ್ಥಾನದಿಂದ ಬಂದ ಮಿಸ್ತ್ರಿಯೂ ಗುನಿಯಾ ಹಿಡಿದು ಇದನ್ನೇ ಮಾಡುತ್ತಾರೆ, ನಮ್ಮ ಆಚಾರ್ರೂ ಇದನ್ನೇ ಮಾಡುತ್ತಾರೆ. ಶಿಷ್ಟಾಚಾರ ಎಂದ ಮೇಲೆ ಪ್ರಮಾಣವೇ.

ಸಿದ್ಧಾಂತ: ಬ್ಲೇಡು ಮರವನ್ನು ತೆಗೆಯುತ್ತದೆ, ಅಂಚಿನ ದಿಕ್ಕನ್ನು ನಿಶ್ಚಯಿಸುವುದು ಓಟ. ಶೀಟು ಜಾರುಮೇಜಿನ ಮೇಲೆ ಕೂತು ಯಾವ ಗೆರೆಯಲ್ಲಿ ಹೋಗುತ್ತದೋ ಆ ಗೆರೆಗೆ ಸಮಾನಾಂತರವಾಗಿಯೇ ಅಂಚು ಮೂಡುತ್ತದೆ. ಬ್ಲೇಡು ಆಚೀಚೆ ಕೊಂಚ ಓರೆಯಾಗಿದ್ದರೆ ಸೀಳು ಅಗಲವಾಗುತ್ತದೆ, ಅಂಚು ಒರಟಾಗುತ್ತದೆ, ದಿಕ್ಕು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಫೆನ್ಸಿನ ಲಂಬಕೋನಕ್ಕೆ ಪ್ರತಿಯಾಗಿ ನಿಲ್ಲಬೇಕಾದ್ದು ಕಣ್ಣಿಗೆ ಕಾಣುವ ಬ್ಲೇಡಲ್ಲ, ಕಣ್ಣಿಗೆ ಕಾಣದ ಓಟ.

ಇದು ಬರೀ ವಿತಂಡವಾದವಲ್ಲ ಎನ್ನಲು ಲೆಕ್ಕ ಇದೆ. ಚೆನ್ನಾಗಿ ಸೆಟ್ ಮಾಡಿದ ಯಂತ್ರದಲ್ಲಿ ಬ್ಲೇಡು ಓಟಕ್ಕೆ ಪೂರ್ತಿ ಸಮಾನಾಂತರವಾಗಿ ಇರುವುದೇ ಇಲ್ಲ, ಇರಬಾರದು. ಬ್ಲೇಡಿನ ಮುಂಭಾಗದ ಹಲ್ಲುಗಳು ಕೊಯ್ಯುತ್ತ ಕೆಳಗಿಳಿಯುತ್ತವೆ, ಹಿಂಭಾಗದವು ಮೇಲೇಳುತ್ತವೆ. ಹಿಂದಿನ ಹಲ್ಲು ಈಗಾಗಲೇ ಕೊಯ್ದ ಅಂಚನ್ನು ಕೆರೆಯದಿರಲಿ ಎಂದು ಹಿಂಭಾಗವನ್ನು ಶೀಟಿನಿಂದ 0.05ರಿಂದ 0.1 ಮಿ.ಮೀ. ದೂರ ಇಡುತ್ತಾರೆ. ಈಗ 300 ಮಿ.ಮೀ. ಉದ್ದಕ್ಕೆ 0.1 ಓರೆಯಾದ, ಎಂದರೆ ಸರಿಯಾಗಿಯೇ ಇರುವ ಬ್ಲೇಡಿಗೆ ಮೂಲೆಮಟ್ಟ ಹಿಡಿದು ಫೆನ್ಸ್ ಕೂರಿಸಿ. ನಾಲ್ಕಡಿ, ಎಂದರೆ 1220 ಮಿ.ಮೀ. ಅಗಲಕ್ಕೆ ಆ ಓರೆ 0.4 ಮಿ.ಮೀ. ಆಗುತ್ತದೆ. ಯಂತ್ರ ಸರಿ, ಮೂಲೆಮಟ್ಟ ಸರಿ, ಕೈ ಸರಿ, ಬಾಗಿಲು ಔಟ್. ಪೂರ್ವಪಕ್ಷಿ ಮೌನ.

ಬ್ಲೇಡನ್ನು ಓಟಕ್ಕೆ ಹೊಂದಿಸುವ ವಿಧಿಯನ್ನೂ ಹೇಳಿಬಿಡುತ್ತೇನೆ, ಇಲ್ಲಿ ಎಡವುವವರು ಬಹಳ. ಮೊದಲು ಮೇನ್ ಸ್ವಿಚ್ ಇಳಿಸಬೇಕು. ಶಾಸ್ತ್ರಕ್ಕಿಂತ ಬೆರಳು ದೊಡ್ಡದು. ಡಯಲ್ ಗೇಜನ್ನು ಜಾರುಮೇಜಿಗೆ ಬಿಗಿದು, ಅದರ ಮುಳ್ಳು ಬ್ಲೇಡಿನ ತಟ್ಟೆಗೆ, ಹಲ್ಲಿಗಿಂತ ಕೊಂಚ ಒಳಗೆ, ತಾಗುವಂತೆ ಇಡಿ. ತಾಗಿದ ಜಾಗಕ್ಕೆ ಮಾರ್ಕರಿನಲ್ಲಿ ಒಂದು ಚುಕ್ಕೆ. ಓದು ಬರೆದುಕೊಂಡು, ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಚುಕ್ಕೆಯನ್ನು ಹಿಂದಕ್ಕೆ ತನ್ನಿ, ಜಾರುಮೇಜನ್ನು ಹಿಂದಕ್ಕೆ ತಳ್ಳಿ ಅದೇ ಚುಕ್ಕೆಯಲ್ಲಿ ಮತ್ತೆ ಓದಿ. ಅದೇ ಚುಕ್ಕೆ ಎಂಬುದರಲ್ಲೇ ಇಡೀ ಗುಟ್ಟು. ಮುಂದೆ ಒಂದು ಜಾಗ, ಹಿಂದೆ ಇನ್ನೊಂದು ಜಾಗ ಓದಿದರೆ ನೀವು ಅಳೆಯುವುದು ತಟ್ಟೆಯ ಸೊಟ್ಟನ್ನು. ಬ್ಲೇಡು ಸ್ವಲ್ಪ ತೊನೆಯುತ್ತಿದ್ದರೂ ಈ ವಿಧಾನದಲ್ಲಿ ಆ ದೋಷ ಎರಡೂ ಕಡೆ ಒಂದೇ ಆಗಿ ವಜಾ ಆಗುತ್ತದೆ.

ಎತ್ತರದ ವಿಚಾರ ಚಿಕ್ಕದು, ಅದನ್ನು ಮರೆತವನ ಪಾಡು ದೊಡ್ಡದು. ಜಾರುಮೇಜು ಬೀಡುಮೇಜಿಗಿಂತ ಒಂದಿಷ್ಟು ಮೇಲಿರಬೇಕು, 0.2 ಮಿ.ಮೀ. ಇದ್ದರೆ ಚೆನ್ನ. ಪ್ರಿಂಟರಿಗೆ ಹಾಕುವ ಎ4 ಹಾಳೆ ಸುಮಾರು 0.1 ಮಿ.ಮೀ. ದಪ್ಪ, ಎರಡು ಹಾಳೆ ಇಟ್ಟು ಮಟ್ಟಗೋಲಿನಲ್ಲಿ ನೋಡಿಕೊಳ್ಳಬಹುದು. ಜಾರುಮೇಜೇ ಕೆಳಗಿದ್ದರೆ ಶೀಟಿನ ಬಲಭಾಗ ಕಬ್ಬಿಣಕ್ಕೆ ಉಜ್ಜಿ ಹಿಂದೆ ಬೀಳುತ್ತದೆ, ಎಡಭಾಗ ಮುಂದೆ ಹೋಗುತ್ತದೆ, ಶೀಟು ಫೆನ್ಸಿನಿಂದ ಮೆಲ್ಲಗೆ ತಿರುಗುತ್ತದೆ. ಆಗ ಆಚಾರ್ರು ಫೆನ್ಸನ್ನು ತಿದ್ದುತ್ತಾರೆ. ಭಾರದ ಶೀಟಿಗೆ ತಿದ್ದಿದ್ದು ಹಗುರ ಶೀಟಿಗೆ ತಪ್ಪಾಗುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಔಟ್ ಎಂಬ ಮಾಯಾವಾದ ಹುಟ್ಟಿದ್ದು ಇಂಥ ಶೆಡ್ಡುಗಳಲ್ಲೇ. ಚಾಚಿದ ಚೌಕಟ್ಟಿನ ಹೊರತುದಿ ತಗ್ಗಿದ್ದರೆ ಬೇರೆ ರೋಗ: ಮೇಲಿಂದ ನೋಡಿದರೆ ಮೂಲೆ ಸರಿ, ಅಂಚಿನ ಕಡೆಯಿಂದ ನೋಡಿದರೆ ಶೀಟಿನ ದಪ್ಪದಲ್ಲಿ ಓರೆ. ಅದನ್ನು ಬ್ಲೇಡಿನ ವಾಲುವಿಕೆ ಎಂದುಕೊಂಡು ಬ್ಲೇಡಿನ 90ರ ಸ್ಟಾಪರನ್ನು ತಿರುಗಿಸಿದವರಿಗೆ ಎರಡು ರೋಗ.

ಈಗ ಫೆನ್ಸನ್ನು ಕಾಣದ ಓಟಕ್ಕೆ ಹೊಂದಿಸುವುದು ಹೇಗೆ? ಮೂಲೆಮಟ್ಟ ಹಿಡಿಯಲು ಓಟಕ್ಕೆ ಮೈ ಇಲ್ಲ. ಮೂಲೆಮಟ್ಟವೇ ಸರಿ ಇದೆಯೆಂದು ಹೇಳುವವರು ಯಾರು? ಇನ್ನೊಂದು ಮೂಲೆಮಟ್ಟ ಎಂದರೆ ಅದಕ್ಕೆ ಮತ್ತೊಂದು. ಇದು ಅನವಸ್ಥಾ ದೋಷ. ಎರಡು ಮೂಲೆಮಟ್ಟಗಳು ಒಂದಕ್ಕೊಂದು ಸಾಕ್ಷಿ ಹೇಳಿದರೆ ಅನ್ಯೋನ್ಯಾಶ್ರಯ ದೋಷ. ಇವು ಕಾಶಿಯ ಪಂಡಿತರ ತಲೆನೋವು ಮಾತ್ರವಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಲೋಹದ ಸಮತಟ್ಟು ಮೈ ಮಾಡುವ ಬಗ್ಗೆ ಪ್ರಬಂಧ ಓದಿದಾಗ ಎದುರಾದದ್ದೂ ಇದೇ ಸಮಸ್ಯೆ. ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರೆ ಒಂದು ಉಬ್ಬು, ಇನ್ನೊಂದು ತಗ್ಗು ಆಗಿ, ಪರಸ್ಪರ ಪೂರ್ತಿ ಒಪ್ಪಿಗೆಯಲ್ಲಿ ಎರಡೂ ತಪ್ಪಾಗಿರಬಹುದು. ಮೂರು ಫಲಕಗಳನ್ನು ಸರದಿಯಲ್ಲಿ ಜೋಡಿ ಮಾಡಿದರೆ ಮಾತ್ರ ಈ ಒಳಸಂಚು ಮುರಿಯುತ್ತದೆ. ಮೂಲೆಮಟ್ಟಕ್ಕೂ ಅಂಥ ಉಪಾಯ ಇದೆ: ನೆಟ್ಟನೆಯ ಅಂಚಿಗೆ ತಾಗಿಸಿ ಒಂದು ಗೆರೆ, ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಎರಡು ಗೆರೆ ಕವಲೊಡೆದರೆ ಕವಲಿನ ಅರ್ಧ ಅದರ ದೋಷ.

ಫೆನ್ಸಿಗಂತೂ ಮೂಲೆಮಟ್ಟವೇ ಬೇಡದ ಪರೀಕ್ಷೆ ಇದೆ, ಐದು ಕೊಯ್ತದ ಪರೀಕ್ಷೆ. ಇದು ಸ್ವತಃಪ್ರಮಾಣ. ಮೀಟರ್ ಆಸುಪಾಸಿನ ಚೌಕ ಎಂಡಿಎಫ್ ತುಂಡು ತೆಗೆದುಕೊಂಡು ಒಂದು ಅಂಚು ಕೊಯ್ಯಿರಿ. ಕೊಯ್ದ ಅಂಚನ್ನು ಫೆನ್ಸಿಗೆ ಕೊಟ್ಟು ಮುಂದಿನದನ್ನು ಕೊಯ್ಯಿರಿ. ಹೀಗೆ ಒಂದೇ ದಿಕ್ಕಿಗೆ ತಿರುಗಿಸುತ್ತ ನಾಲ್ಕೂ ಆದ ಮೇಲೆ, ಮೊದಲ ಅಂಚಿಗೆ ಮತ್ತೆ ಬಂದು ಐದನೆಯ ಕೊಯ್ತದಲ್ಲಿ ಒಂದಂಗುಲದ ಪಟ್ಟಿಯನ್ನು ಇಳಿಸಿ. ಆ ಪಟ್ಟಿಯ ಎರಡು ತುದಿಗಳ ಅಗಲವನ್ನು ವರ್ನಿಯರಿನಲ್ಲಿ ಅಳೆಯಿರಿ. ಪ್ರತಿ ತಿರುವಿನಲ್ಲೂ ದೋಷ ಕೂಡುತ್ತ ಬಂದಿರುವುದರಿಂದ ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಬೇಕು. ಉದಾಹರಣೆಗೆ 900 ಮಿ.ಮೀ. ಉದ್ದದ ಪಟ್ಟಿಯ ಒಂದು ತುದಿ 25.62, ಇನ್ನೊಂದು 25.30. ವ್ಯತ್ಯಾಸ 0.32, ನಾಲ್ಕರಿಂದ ಭಾಗಿಸಿದರೆ 900ಕ್ಕೆ 0.08. ಫೆನ್ಸಿನ ತಿರುಗುಮೊಳೆಗೂ ತಿದ್ದುವ ಸ್ಕ್ರೂವಿಗೂ 1800 ಮಿ.ಮೀ. ಅಂತರ ಇದ್ದರೆ ಅಲ್ಲಿ 0.16 ಸರಿಸಬೇಕು. ಫೀಲರ್ ಗೇಜಿನ 0.15ರ ಎಸಳನ್ನು ಇಟ್ಟು ಸ್ಕ್ರೂ ತಾಗಿಸಿದರೆ ಮುಗಿಯಿತು. ಯಾವ ಕಡೆಗೆ ಸರಿಸಬೇಕು ಎಂದು ತಲೆ ಕೆಡಿಸಿಕೊಳ್ಳುವವರಿಗೆ ಸಮಾಧಾನ: ತಪ್ಪು ಕಡೆಗೆ ಸರಿಸಿದರೆ ಮುಂದಿನ ಪರೀಕ್ಷೆಯಲ್ಲಿ ದೋಷ ಇಮ್ಮಡಿಯಾಗಿ ಎದುರಿಗೆ ನಿಲ್ಲುತ್ತದೆ, ಸಂದೇಹಕ್ಕೆ ಎಡೆಯೇ ಇರುವುದಿಲ್ಲ.

ಕರ್ಣ ಅಳೆಯುವ ಪಂಥದವರು ಇದನ್ನೊಪ್ಪರು. ಎಂಟು ನಾಲ್ಕರ ಪೂರ್ಣ ಶೀಟಿನ ಕರ್ಣ 2728 ಮಿ.ಮೀ.; ಎರಡೂ ಕರ್ಣ ಒಂದೇ ಬಂದರೆ ಮೂಲೆ ಸರಿ ಎನ್ನುತ್ತಾರೆ. ತತ್ತ್ವ ಸರಿಯೇ. ನಾಲ್ಕಡಿಗೆ 1 ಮಿ.ಮೀ. ಓರೆಯಾದರೆ ಕರ್ಣಗಳಲ್ಲಿ ಸುಮಾರು 1.8 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಕಾಲು ಮಿ.ಮೀ. ಓರೆಯನ್ನು ಕೊಕ್ಕೆ ಅಲ್ಲಾಡುವ ಟೇಪಿನಲ್ಲಿ ಹುಡುಕಬೇಕಾದಾಗ ಮಾತ್ರ ತತ್ತ್ವಕ್ಕೆ ಕೈ ಸಾಲುವುದಿಲ್ಲ. ಜೊತೆಗೆ ಅಂಗಡಿಯಿಂದ ಬಂದ ಶೀಟಿನ ಅಂಚನ್ನು ಕೊಯ್ಯದೆ ಹಾಗೇ ಅಳೆದು ಯಂತ್ರವನ್ನು ದೂರುವವರೂ ಈ ಪಂಥದಲ್ಲೇ ಹೆಚ್ಚು.

ಇನ್ನು ಹೇತ್ವಾಭಾಸ, ಎಂದರೆ ಹೇತುವಿನಂತೆ ಕಾಣುವ ಸುಳ್ಳು ಹೇತು. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ, ಅಡುಗೆಮನೆಯಲ್ಲಿದ್ದ ಹಾಗೆ ಎಂಬುದು ತರ್ಕದ ಮೊದಲ ಪಾಠ. ಶೆಡ್ಡಿನ ಮೊದಲ ಪಾಠವೂ ಅದೇ: ಗರಗಸ ಔಟ್ ಆಗಿದೆ, ಹೊಗೆ ಬರುವುದರಿಂದ, ಪಕ್ಕದ ಶೆಡ್ಡಿನಲ್ಲಿದ್ದ ಹಾಗೆ. ಈ ಹೇತು ಸವ್ಯಭಿಚಾರಿ. ಮೊಂಡು ಹಲ್ಲಿನಿಂದಲೂ ಹೊಗೆ ಬರುತ್ತದೆ, ಹಲ್ಲಿಗೆ ಅಂಟು ಮೆತ್ತಿದ್ದರೂ ಬರುತ್ತದೆ, ಮೆಲ್ಲಮೆಲ್ಲಗೆ ತಳ್ಳಿದರೂ ಬರುತ್ತದೆ. ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿ ಸೌದೆಯೂ ಸೇರಬೇಕು, ಅದೇ ಉಪಾಧಿ ಎಂದು ತಾರ್ಕಿಕರು ಹೇಳುತ್ತಾರೆ. ಸಿಲ್ವರ್ ಓಕಿನ ಹಸಿ ಹಲಗೆ ಕೊಯ್ದವರು ಇದಕ್ಕೆ ತಲೆದೂಗುತ್ತಾರೆ. ಒಳಗಿನ ಬಿಗುವು ಬಿಟ್ಟುಕೊಂಡು ಸೀಳು ಹಿಂದಿನಿಂದ ಮುಚ್ಚಿ ಬ್ಲೇಡನ್ನು ಅಮುಕುತ್ತದೆ, ಯಂತ್ರ ನಿರಪರಾಧಿ. ಅದಕ್ಕೆಂದೇ ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಇದೆ. ಅಡ್ಡ ಬರುತ್ತದೆ ಎಂದು ಅದನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿದವರ ಜೊತೆ ವಾದ ಮಾಡುವುದು ವ್ಯರ್ಥ, ದೂರ ನಿಲ್ಲುವುದು ಮೇಲು.

ಹೊಗೆಗಿಂತ ನಂಬಬಹುದಾದ ಹೇತು ಅಂಚಿನ ಮೇಲಿನ ಗೆರೆಗಳು. ಕೊಯ್ದ ಅಂಚನ್ನು ಓರೆ ಬೆಳಕಿನಲ್ಲಿ ನೋಡಿ. ಕಮಾನಿನಂಥ ಗೆರೆಗಳು ಒಂದೇ ದಿಕ್ಕಿಗೆ ಇದ್ದರೆ ಮುಂಭಾಗದ ಹಲ್ಲು ಮಾತ್ರ ಮುಟ್ಟಿದೆ. ಎರಡು ದಿಕ್ಕಿನ ಕಮಾನುಗಳು ಒಂದರ ಮೇಲೊಂದು ಹಾದಿದ್ದರೆ ಹಿಂಭಾಗದ ಹಲ್ಲೂ ಕೆರೆಯುತ್ತಿದೆ, ಬ್ಲೇಡಿನ ಹಿಂಭಾಗಕ್ಕೆ ಬಿಡುವು ಸಾಲದು. ಬಳಸುವ ತುಂಡಿನ ಅಂಚು ನುಣುಪಾಗಿದ್ದು ಬಲಕ್ಕೆ ಬಿದ್ದ ತುಂಡಿನ ಅಂಚು ಮಾತ್ರ ಕೆರೆದಿದ್ದರೆ ಬಿಡುವು ಮಿತಿ ಮೀರಿದೆ. ಮೈಕಾದ ಕೆಳಮೈಯಲ್ಲಿ ಚಕ್ಕೆ ಏಳುವುದು ಸ್ಕೋರಿಂಗಿನ ವಿಚಾರ. ಚಕ್ಕೆ ಒಂದೇ ಪಕ್ಕದಲ್ಲಿ ಎದ್ದು ಉಗುರಿಗೆ ಮೆಟ್ಟಿಲು ಸಿಕ್ಕಿದರೆ ಪುಟ್ಟ ಬ್ಲೇಡು ಸಾಲು ತಪ್ಪಿದೆ, ಎರಡೂ ಪಕ್ಕ ಎದ್ದರೆ ಅದರ ಅಗಲವೋ ಆಳವೋ ಸಾಲದು. ಒಂದೆರಡು ಮಿ.ಮೀ. ಆಳ ಸಾಕು.

ನಾಲ್ಕು ಅಭಾವಗಳ ಹೊರಗೆ ಐದನೆಯದೊಂದನ್ನು ಸೇರಿಸುವ ಧೈರ್ಯ ಮಾಡುತ್ತೇನೆ. ಏಳನೆಯ ಪದಾರ್ಥ ಸೇರಿಸಿದವರ ಪೂರ್ವೋದಾಹರಣೆ ಇದೆಯಲ್ಲ. ಅದು ಅಭಾವದ ಅಭಾವ. ಲಂಬಕೋನ ಇದೆ, ಇಲ್ಲವೆಂದು ಕಾಣುತ್ತದೆ. ವೇದಾಂತಿಗಳ ಹಗ್ಗ ಹಾವಿನ ಕತೆಯನ್ನು ಇಲ್ಲಿ ಎಳೆದು ತರಬಹುದು, ತರುವುದಿಲ್ಲ. ಕಾರಣ ಬಹಳ ಸಣ್ಣದು: ಫೆನ್ಸಿಗೂ ಶೀಟಿಗೂ ನಡುವೆ ಸಿಕ್ಕಿಕೊಂಡ ಪ್ಲೈಯ ಸಿಬಿರು, ಅಳತೆಯ ಸ್ಟಾಪರಿಗೆ ಅಂಟಿದ ಧೂಳಿನ ಉಂಡೆ, ಶೀಟನ್ನು ಫೆನ್ಸಿಗೆ ಒತ್ತದೆ ಮುಂದಕ್ಕೆ ಮಾತ್ರ ತಳ್ಳಿದ ಹೊಸ ಹುಡುಗ. ಅರ್ಧ ಮಿ.ಮೀ. ಸಿಬಿರು ಇಡೀ ತರ್ಕಸಂಗ್ರಹವನ್ನು ಸುಳ್ಳು ಮಾಡುತ್ತದೆ. ನನ್ನ ಮಟ್ಟಿಗೆ ಈ ಜಾತಿಯೇ ಉಳಿದ ನಾಲ್ಕಕ್ಕಿಂತ ಹೆಚ್ಚು ಸಂಖ್ಯೆಯಲ್ಲಿದೆ. ಇದರ ಉಪಕರಣ ಬ್ರಷ್ಷು, ಬೆಲೆಯಲ್ಲಿ ಡಯಲ್ ಗೇಜಿಗಿಂತ ಬಹಳ ಕಡಿಮೆ, ಆದ್ದರಿಂದಲೇ ಯಾರಿಗೂ ಅದರ ಮೇಲೆ ಗೌರವವಿಲ್ಲ.

ಚಿಕಿತ್ಸಕರಲ್ಲಿ ಸುತ್ತಿಗೆ ಪಂಥ, ಬೋಲ್ಟ್ ಪಂಥ, ಚೀಟಿ ಪಂಥ ಎಂದು ಮೂರು. ಸುತ್ತಿಗೆಯವರು ಫೆನ್ಸಿನ ತುದಿಗೆ ಎರಡು ಕುಟ್ಟಿ ಆಕಾಶ ನೋಡುತ್ತಾರೆ. ಬೋಲ್ಟಿನವರು ಕಣ್ಣಿಗೆ ಬಿದ್ದ ಬೋಲ್ಟನ್ನೆಲ್ಲ ಕಾಲು ಸುತ್ತು ತಿರುಗಿಸುತ್ತಾರೆ, ಯಾವುದನ್ನು ಎಷ್ಟು ಎಂದು ಬರೆದಿಡುವುದಿಲ್ಲ. ಇವರು ಬಂದು ಹೋದ ಯಂತ್ರವನ್ನು ಪ್ರಾಗಭಾವದಿಂದ ಶುರುಮಾಡಬೇಕು. ಚೀಟಿಯವರು ವಿಸಿಟಿಂಗ್ ಕಾರ್ಡನ್ನೋ ಬಿಲ್ಲಿನ ಹಾಳೆಯನ್ನೋ ಮಡಿಸಿ ಫೆನ್ಸಿನ ಸ್ಟಾಪರಿಗೆ ತುರುಕುತ್ತಾರೆ. ಇವರನ್ನು ನೋಡಿ ನಗುವುದು ರೂಢಿ. ನಾನು ನಗಲಾರೆ. ಎಷ್ಟು ದಪ್ಪ ತುರುಕಿದೆ ಎಂದು ಗೊತ್ತಿರುವ ಏಕೈಕ ಪಂಥ ಅದು, ಬೇಡವೆಂದರೆ ಹೊರಗೆ ಎಳೆಯಲೂಬಹುದು.

ಮೈಟರ್ ಕೊಯ್ತದ 45 ಡಿಗ್ರಿಗೆ ಬೇರೆ ಗ್ರಂಥವೇ ಬೇಕು. 90 ಸರಿಯಾದ ಮೇಲೆ ಅದರ ಅರ್ಧ ತಾನಾಗಿ ಸರಿ ಎಂದು ನಂಬಿದವರು ಒಂದು ಫೋಟೋ ಚೌಕಟ್ಟು ಮಾಡಿ ನೋಡಲಿ. ಚೌಕಟ್ಟಿಗೆ ಎಂಟು ಕೊಯ್ತ. ಸ್ಕೇಲಿನ ಮೇಲೆ ಕಣ್ಣಿಗೇ ಕಾಣದ 0.1 ಡಿಗ್ರಿ ತಪ್ಪು ಎಂಟು ಸಲ ಕೂಡಿ 0.8 ಆಗುತ್ತದೆ. ಮೊದಲ ಮೂರು ಮೂಲೆಗಳನ್ನು ಒತ್ತಿ ಕೂರಿಸಿದರೆ ಅಷ್ಟೂ ತಪ್ಪು ನಾಲ್ಕನೆಯದಕ್ಕೆ ಬಂದು, 70 ಮಿ.ಮೀ. ಅಗಲದ ಪಟ್ಟಿಯಲ್ಲಿ ಸುಮಾರು 1.4 ಮಿ.ಮೀ. ಬಾಯಿ ಬಿಡುತ್ತದೆ. ಅದಕ್ಕೆ ನಮ್ಮ ಶೆಡ್ಡುಗಳಲ್ಲಿ ಗರಗಸದ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ತುಂಬುವ ಪದ್ಧತಿ ಇದೆ. ಪುಡಿ ಅದೇ ಯಂತ್ರದ ಅಡಿಯಲ್ಲೇ ಬೇಕಾದಷ್ಟು ಸಿಗುತ್ತದೆ.